ನೆತ್ತಿಯ ಹುಲ್ಲು

"ಇದೆಂತ ಕೂಸಪ್ಪಣ್ಣ?" ಅಂತ ಶಾಹಿದಾ ಕೇಳಿದ್ದು ನಗುತ್ತಲೇ. ನಗು ಅರ್ಧದಲ್ಲಿ ನಿಂತಿತು.

ಅಂಗಳದಲ್ಲಿ ಎಂಟು ಕಟ್ಟ ಹುಲ್ಲು ಸಾಲಾಗಿ ನಿಂತಿದ್ದವು. ನಿಂತಿದ್ದವು ಎಂದರೆ ನಿಂತೇ ಇದ್ದವು, ಫೋಟೋಕ್ಕೆ ನಿಂತ ಮದುಮಗನ ಕಡೆಯವರ ಹಾಗೆ. ಪ್ರತಿಯೊಂದನ್ನೂ ಬಾಚಿ, ಬುಡ ಸಮ ಮಾಡಿ, ಎರಡು ಕಡೆ ಬಳ್ಳಿಯಿಂದ ಬಿಗಿದು, ಬೇರನ್ನು ತೊಳೆದು ಬಿಳಿ ಮಾಡಿ ತಂದಿದ್ದರು ಕೂಸಪ್ಪ. ಆಲೆಟ್ಟಿ ಸುತ್ತಮುತ್ತ ಈಗ ಮುಳಿಹುಲ್ಲಿನ ಮಾಡು ಹೊದಿಸಲು ಗೊತ್ತಿರುವುದು ಅವರೊಬ್ಬರಿಗೇ. ಹೋಮ್‌ಸ್ಟೇಯವರು ಗುಡಿಸಲು ಬೇಕಾದಾಗ ಕಾರು ಕಳಿಸಿ ಕರೆಸುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ, ತಲೆಯ ಮೇಲೆ ಗೋಣಿ ಮಡಚಿ ಮಾಡಿದ ಕೊಪ್ಪೆ, ಮುಖದಲ್ಲಿ ಒಂದು ಕೆಲಸವನ್ನು ಚೊಕ್ಕ ಮುಗಿಸಿದ ಬೆಳಕು.

"ಹುಲ್ಲು ಅಲ್ಲನಾ! ನೀನೇ ಹೇಳ್ದಲ್ಲಾ, ತನ್ನಿಂತ. ತಂದೊಳೆ."

"ಊಬು ಎಲ್ಲಿ?"

"ಊಬಾ? ಕಲ್ಲಿಗೆ ಬಡ್ದ್ ಬಡ್ದ್ ತೆಗ್ದೆ. ಒಂದೂ ಇಲ್ಲೆ, ನೋಡ್." ಕಟ್ಟವೊಂದರ ತುದಿಯನ್ನು ಅಂಗೈಯಲ್ಲಿ ಸವರಿ ತೋರಿಸಿದರು. "ಊಬು ಇರುವ ಹುಲ್ಲುನ ಒಬ್ಬರ ಮನೆಗೆ ಕೊಡಿಕೆ ಆದೆನಾ? ನಂಗೆ ನಾಚಿಕೆ ಇಲ್ಲೆನಾ?"

ಜಗಲಿಯ ಕುರ್ಚಿಯಲ್ಲಿ, ಸ್ಟೂಲಿನ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದ ಶಾಹಿದಾ ಕಣ್ಣು ಮುಚ್ಚಿಕೊಂಡಳು. ತಪ್ಪು ಅವಳದ್ದೇ. "ಬೇರು ಬೇಕು" ಅಂದಿದ್ದಳು. "ಊಬು ಬೇಕು" ಅನ್ನಲಿಲ್ಲ. ಊಬು ಬೇಕು ಅಂತ ಯಾರಾದರೂ ಹೇಳುತ್ತಾರಾ? ಕಾಳಿನ ತುದಿಯ ಆ ಚುಚ್ಚುವ ಎಳೆಯನ್ನು ಲೋಕದಲ್ಲಿ ಎಲ್ಲರೂ ಬಟ್ಟೆಯಿಂದ ಕೀಳುವವರೇ.

ಆದರೆ ಅವಳಿಗೆ ಬೇಕಾದದ್ದು ಅದೊಂದೇ. ಪುತ್ತೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಅವಳು. ವಿಷಯ ಸಸ್ಯಶಾಸ್ತ್ರ, ಹುಚ್ಚು ಹುಲ್ಲು. ತರಗತಿಯಲ್ಲಿ ಗರಿಹುಲ್ಲಿನ ಪಾಠ ಅವಳು ಮಾಡಿದರೆ ಹಿಂದಿನ ಬೆಂಚೂ ಎಚ್ಚರ ಇರುತ್ತಿತ್ತು. ಪುಸ್ತಕದ ಗರಿಹುಲ್ಲು ಸ್ಟೈಪಾ ಕುಲದ್ದು. ದೂರದೇಶದ ಹುಲ್ಲುಬಯಲುಗಳಲ್ಲಿ ಗಾಳಿಗೆ ಬೆಳ್ಳಿಯ ಹಾಗೆ ಹೊರಳುವುದು, ಕಾಳಿಗೊಂದು ಹಕ್ಕಿಗರಿಯಂಥ ಊಬು. "ಅದು ಸುಳ್ಯಕ್ಕೆ ಬಂದಿಲ್ಲ. ಬಸ್ಸು ಸಿಕ್ಕಿರಲಿಕ್ಕಿಲ್ಲ" ಅನ್ನುತ್ತಿದ್ದಳು. "ಆದರೆ ಅದರ ಕಸುಬು ಮಾಡುವವ ನಮ್ಮಲ್ಲಿಯೂ ಉಂಟು. ಹೆಟೆರೊಪೋಗನ್. ಹಾಗೆಂದರೆ ಬೇರೆ ಬೇರೆ ಗಡ್ಡದವ. ತೆನೆಯ ಕೆಳಗಿನ ಕಾಳುಗಳಿಗೆ ಗಡ್ಡ ಇಲ್ಲ, ಮೇಲಿನವಕ್ಕೆ ಉಂಟು. ಮೇಲಿನವರೆಲ್ಲ ಗಡ್ಡಕ್ಕೆ ಗಡ್ಡ ಹೆಣೆದು ಜಡೆ ಹಾಕಿಕೊಳ್ಳುತ್ತಾರೆ. ಕಾಳಿನ ಬುಡದಲ್ಲಿ ಸೂಜಿ. ಊಬಿಗೆ ಮೊಣಕಾಲು. ಒದ್ದೆಯಾದರೆ ಬಿಚ್ಚುತ್ತದೆ, ಒಣಗಿದರೆ ತಿರುಚುತ್ತದೆ, ತಿರುಗಿ ತಿರುಗಿ ತನ್ನನ್ನು ತಾನೇ ನೆಲಕ್ಕೆ ಸ್ಕ್ರೂ ಹಾಕಿಕೊಳ್ಳುತ್ತದೆ. ಕೈ ಇಲ್ಲ, ಕಾಲಿಲ್ಲ, ಗದ್ದೆ ಉಳಲಿಕ್ಕೆ ಎತ್ತೂ ಇಲ್ಲ. ನಾಟಿ ಮಾತ್ರ ಬಿಡುವುದಿಲ್ಲ!"

ಊರಿನ ಮೇಲಿನ ಪಾರೆಯ ಕಲ್ಲುಹಾಸಿನಲ್ಲಿ ಈ ಕುಲದ ಒಂದಲ್ಲ, ಎರಡು ಜಾತಿ ಉಂಟು ಅಂತ ಅವಳ ವಾದ. ಒಂದು ಎಲ್ಲರಿಗೂ ಗೊತ್ತಿದ್ದದ್ದು, ಊಬಿನ ರೋಮ ಮೋಟು. ಇನ್ನೊಂದು ಆಳೆತ್ತರ, ಊಬಿನ ರೋಮ ಗರಿಯ ಹಾಗೆ ತುದಿಯವರೆಗೆ. ಮೂರು ವರ್ಷದಿಂದ ಹೇಳುತ್ತಿದ್ದಾಳೆ. ಈ ಕಡೆಯ ಹುಲ್ಲುಗಳ ಪಟ್ಟಿ ಮಾಡುತ್ತಿದ್ದ ನಿವೃತ್ತ ಪ್ರೊಫೆಸರ್ ಜಯಪ್ರಕಾಶ್ ಒಪ್ಪಲಿಲ್ಲ. ಹೋದ ವರ್ಷ ಹಾಳೆಗೆ ಅಂಟಿಸಿ ಅಂಚೆಯಲ್ಲಿ ಕಳಿಸಿದ ಹುಲ್ಲು ದಾರಿಯ ತೇವಕ್ಕೆ ಬಿಚ್ಚಿ, ಬಿಸಿಲಿಗೆ ತಿರುಚಿ, ಲಕೋಟೆಯನ್ನೇ ಕೊರೆದು, ಊಬುಗಳು ನಡುದಾರಿಯಲ್ಲೇ ಇಳಿದುಹೋಗಿದ್ದವು. ತಲುಪಿದ್ದು ಬರೀ ದಂಟು. ಫೋಟೋ ಕಳಿಸಿದರೆ, "ಫೋಟೋಕ್ಕೆ ಬೇರಿಲ್ಲ" ಅಂದರು. ಈ ವರ್ಷ ತಾನೇ ಕೈಯಾರೆ ಕೀಳಬೇಕು ಅಂತ ಪಾರೆ ಹತ್ತಿದವಳು ಪಾಚಿಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ನಾಳೆ ಪ್ರೊಫೆಸರು ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವವರು, ಬ್ಯಾಗಿನಲ್ಲಿ ಪಟ್ಟಿಯ ಕೊನೆಯ ಪ್ರೂಫು. ಘಾಟಿ ಹತ್ತಲು ಹಿಂದಿನಿಂದ ದೂಡುವ ಇಂಜಿನು ಜೋಡಿಸಲಿಕ್ಕೆ ರೈಲು ನೆಟ್ಟಣದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಹತ್ತು ನಿಮಿಷ ಅವಳಿಗೆ ಕೊಟ್ಟಿದ್ದರು. ಆಮೇಲೆ ಅಚ್ಚು. ಅಚ್ಚಾದ ಮೇಲೆ ಇಪ್ಪತ್ತು ವರ್ಷ ಅದೇ ಸತ್ಯ.

"ಪುನಃ ಪಾರೆಗೆ ಹೋದರೆ ಸಿಗ್ಲಿಕ್ಕಿಲ್ವಾ?"

"ಎಲ್ಲಿಂದ? ನಾ ಹುಲ್ಲು ತೆಗ್ದ ಮೇಲೆ ಬೆಂಕಿ ಬಿದ್ದ್ ಕರಿ ಆತ್ ಅಲ್ಲ." ಕೂಸಪ್ಪರ ಮುಖದ ಬೆಳಕು ಈಗ ಇಳಿಯತೊಡಗಿತ್ತು. "ಎಂತ, ನಾ ಹಾಳ್ ಮಾಡ್ದೆನಾ?"

ಅವರನ್ನು ನಗಿಸದಿದ್ದರೆ ಅವರು ಊಟ ಬಿಡುತ್ತಾರೆ ಅಂತ ಶಾಹಿದಾಳಿಗೆ ಗೊತ್ತು. ಗಂಟಲು ಸರಿಮಾಡಿಕೊಂಡಳು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು, ಪ್ರೊಫೆಸರಾದಳು. "ಹ್ಞೂಂ. ನೋಡಮ್ಮಾ, ಸಸ್ಯ ಸುಳ್ಳು ಹೇಳುವುದಿಲ್ಲ. ಸಂಗ್ರಹಿಸಿದವರು ಹೇಳುತ್ತಾರೆ. ಹ್ಞೂಂ. ಇದು ಹುಲ್ಲಲ್ಲ, ಕ್ಷೌರ!"

ಒಳಗಿನಿಂದ ಅವಳ ಅಣ್ಣ ನೌಷಾದ್ ಗಹಗಹಿಸಿದ. ಕೂಸಪ್ಪ ನಗಲಿಲ್ಲ. ಕಟ್ಟಗಳನ್ನು ಆಚೀಚೆ ಸರಿಸಿ, ಐದನ್ನು ಒಂದು ಕಡೆ, ಮೂರನ್ನು ಇನ್ನೊಂದು ಕಡೆ ಇಟ್ಟರು.

"ಅದ್ಯಾಕೆ ಬೇರೆ ಬೇರೆ ಇಡುದು?"

"ಇದ್ ಮಾಡಿನ ಸೂರಿದ್, ಇದ್ ಮಾಡಿನ ನೆತ್ತಿದ್. ಒಟ್ಟಿಗೆ ಕಟ್ಟಿಕೆ ಬೊತ್ತು. ಸೂರಿನ ಹುಲ್ಲುನ ನೆತ್ತಿಗೆ ಇಟ್ಟರೆ ಎರಡನೇ ಮಳೆಗಾಲಕ್ಕೆ ಸೋರ್ದೆ."

ಶಾಹಿದಾ ಊರುಗೋಲು ಹಿಡಿದು ಎದ್ದಳು. ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಅಂಗಳಕ್ಕೆ ಇಳಿದು ಆ ಮೂರು ಕಟ್ಟಗಳ ಬುಡ ಮುಟ್ಟಿದಳು. ಎತ್ತರದ ಜಾತಿ. ಮೂರಕ್ಕೆ ಮೂರೂ. ಒಂದೇ ಒಂದು ದಂಟೂ ಅದಲುಬದಲಾಗಿಲ್ಲ. ಮೂರು ವರ್ಷ ಭೂತಗನ್ನಡಿ ಹಿಡಿದು ಅವಳು ಬೇರ್ಪಡಿಸಿದ್ದನ್ನು ಈ ಮನುಷ್ಯ ಐವತ್ತು ವರ್ಷದಿಂದ ಮಾಡಿನ ಮೇಲೆ ಬರೆಯುತ್ತಾ ಬಂದಿದ್ದರು.

"ಕೂಸಪ್ಪಣ್ಣ, ನಾಳೆ ನೆಟ್ಟಣಕ್ಕೆ ನೀವೂ ಬರ್ಬೇಕು."

"ನಾನಾ? ನಂಗೆ ಅಲ್ಲಿ ಎಂತ ಕೆಲ್ಸ?"

"ನಿಮ್ಮ ಬೆರಳಿಗೆ ಕೆಲಸ ಉಂಟು."

* * *

ನೌಷಾದನ ಓಮ್ನಿ ಗುತ್ತಿಗಾರು ದಾಟುವಾಗ ಹನ್ನೆರಡೂವರೆ. ಹಿಂದೆ ಎರಡು ಕಟ್ಟ: ಒಂದು ಸೂರಿನದ್ದು, ಒಂದು ನೆತ್ತಿಯದ್ದು. ದೊಡ್ಡವರಿಗೆ ಬತ್ತಲೆ ಹುಲ್ಲು ಕೊಡಬಾರದು ಅಂತ ಕೂಸಪ್ಪ ನೆತ್ತಿಯ ಕಟ್ಟವನ್ನು ಮನೆಯಿಂದ ತಂದ ಒಂದು ಹಳೆ ಗೋಣಿಕೊಪ್ಪೆಯಲ್ಲಿ ಸುತ್ತಿದ್ದರು. ತಾವು ಬಿಳಿ ಅಂಗಿ, ಬಿಳಿ ಪಂಚೆ, ಬಾಚಿದ ತಲೆ. ಹೆಂಡತಿ ಕಮಲಾವತಿ ಇಸ್ತ್ರಿ ಹಾಕಿ ಕಳಿಸಿದ್ದಂತೆ.

"ಹೆಣ್ಣು ನೋಡ್ಲಿಕ್ಕೆ ಹೊರಟ ಹಾಗೆ ಕಾಣ್ತದೆ ಮಾರಾಯ್ರೆ" ಅಂದ ನೌಷಾದ್.

"ಹೆಣ್ಣು ಹಿಂದೆ ಉಟ್ಟು, ಗೋಣಿಲಿ" ಅಂದರು ಕೂಸಪ್ಪ. ಶಾಹಿದಾ ನಕ್ಕಳು.

ರೈಲು ಬಂದಾಗ ಪ್ರೊಫೆಸರ್ ಬಾಗಿಲಲ್ಲೇ ನಿಂತಿದ್ದರು. ತೆಳ್ಳಗೆ ಉದ್ದ, ಅವರೂ ಒಂದು ದಂಟೇ. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಶಾಹಿದಾಳ ಪ್ಲಾಸ್ಟರ್ ನೋಡಿ, "ಅಯ್ಯೋ, ಹುಲ್ಲಿಗಾಗಿ ಕಾಲು ಕೊಟ್ಟೆಯಾ!" ಅಂದವರು ಇಳಿದು ಸೂರಿನ ಕಟ್ಟದ ಬಳಿ ಕುಕ್ಕರುಗಾಲಲ್ಲಿ ಕೂತರು. ತುದಿ ನೋಡಿದರು. ಇನ್ನೊಂದು ಕಟ್ಟವನ್ನು ಗೋಣಿಯಿಂದ ಹೊರಗೆ ಎಳೆದು ಅದರ ತುದಿಯನ್ನೂ ನೋಡಿದರು.

"ಊಬು?"

"ಇಲ್ಲ ಸರ್. ಆದರೆ ಇವರು..."

"ಹ್ಞೂಂ. ನೋಡಮ್ಮಾ, ಸಸ್ಯ ಸುಳ್ಳು ಹೇಳುವುದಿಲ್ಲ..."

ನೌಷಾದ್ ತಟ್ಟನೆ ಬೆನ್ನು ತಿರುಗಿಸಿ ಕೆಮ್ಮತೊಡಗಿದ.

"ಎರಡು ನಿಮಿಷ ಸರ್." ಶಾಹಿದಾ ಎರಡು ಕಟ್ಟದಿಂದಲೂ ಐದೈದು ದಂಟು ಎಳೆದು, ತೆನೆ ಮುರಿದು, ಸಮ ಉದ್ದ ಮಾಡಿ, ನೆತ್ತಿಯವಕ್ಕೆ ಬುಡದಲ್ಲಿ ಪೆನ್ನಿನ ಚುಕ್ಕೆ ಇಟ್ಟು ಪ್ರೊಫೆಸರ ಕೈಗೆ ಕೊಟ್ಟಳು. "ಬೆರೆಸಿ. ಒಂದೊಂದಾಗಿ ಇವರ ಕೈಗೆ ಇಡಿ."

ಕೂಸಪ್ಪ ತಿರುಗಿ ನಿಂತು ಬೆನ್ನ ಹಿಂದೆ ಕೈ ಚಾಚಿದರು. ಪ್ರೊಫೆಸರ್ ಒಂದು ದಂಟು ಇಟ್ಟರು. ಹೆಬ್ಬೆರಳು, ತೋರುಬೆರಳು ಒಮ್ಮೆ ಉಜ್ಜಿದವು. "ನೆತ್ತಿ." ಮುಂದಿನದು. "ಸೂರು." "ಸೂರು." "ನೆತ್ತಿ." ಗೋಡಂಬಿ ಮಾರುವವನೊಬ್ಬ ಬುಟ್ಟಿ ಇಳಿಸಿ ನಿಂತ. "ನೆತ್ತಿ. ಇದೂ ನೆತ್ತಿಯೇ, ಆದರೆ ಎಳ್ತ್." ಹತ್ತಕ್ಕೆ ಹತ್ತು. ಪ್ರೊಫೆಸರ್ ಪ್ರತಿಸಲವೂ ಬುಡದ ಚುಕ್ಕೆಯನ್ನೂ ಭೂತಗನ್ನಡಿಯಲ್ಲಿ ಗಿಣ್ಣನ್ನೂ ನೋಡಿ ತಲೆಯಾಡಿಸುತ್ತಿದ್ದವರು ಕೊನೆಗೆ ಎದ್ದು ಕೂಸಪ್ಪರ ಬಲಗೈ ಹಿಡಿದು, ಅದನ್ನೂ ಒಂದು ಮಾದರಿಯೆಂಬ ಹಾಗೆ ತಿರುಗಿಸಿ ನೋಡಿದರು.

"ಎಂತ ಗೊತ್ತಾಗುತ್ತದೆ ನಿಮಗೆ?"

"ಸೂರಿನದ್ದ್ ಉರುಟು ತಿರ್ಗುದೆ. ಇದ್ಕೆ ಒಂದ್ ಕಡೆ ಚಪ್ಪಟೆ ಉಟ್ಟು. ಮುಟ್ರೆ ಗೊತ್ತಾದೆ."

"ನಲವತ್ತು ವರ್ಷ ನಾನು ಹುಲ್ಲು ನೋಡಿದೆ. ಮುಟ್ಟಲಿಲ್ಲ" ಅಂದರು ಪ್ರೊಫೆಸರ್, ಈ ಸಲ ಗಂಟಲು ಸರಿಮಾಡದೆ. ಮತ್ತೆ ಶಾಹಿದಾಳ ಕಡೆ ತಿರುಗಿದರು. "ಎರಡು ಇರಬಹುದಮ್ಮಾ. ಇದ್ದೀತು ಅಂತ ನನಗೂ ಈಗ ಅನಿಸುತ್ತದೆ. ಆದರೆ ಇವರ ಬೆರಳನ್ನು ಹಾಳೆಗೆ ಅಂಟಿಸಲಿಕ್ಕೆ ಆಗುವುದಿಲ್ಲವಲ್ಲ."

ಹಿಂದಿನ ಇಂಜಿನು ಬಂದು ಜೋಡಿಸಿಕೊಂಡ ಧಡಕ್ಕೆಂಬ ಸದ್ದು ಬೋಗಿಯಿಂದ ಬೋಗಿಗೆ ಓಡಿ ಬಂತು. ಪ್ರೊಫೆಸರ್ ಮೆಟ್ಟಿಲು ಹತ್ತಿದರು. ನೌಷಾದ್ ತಂಗಿಯ ಮುಖ ನೋಡಲಾರದೆ ಗೋಣಿಯನ್ನು ಎತ್ತಿ ಹೆಗಲಿಗೆ ಹಾಕಿದ.

"ಅಬ್ಬೋ!" ಹೆಗಲಿನಿಂದ ಕಿತ್ತು ಎಸೆದ. ಕುತ್ತಿಗೆ ಹಿಡಿದುಕೊಂಡ. "ಎಂತ ಇದು ಮಾರಾಯ್ರೆ, ಗೋಣಿಯಾ, ಮುಳ್ಳುಹಂದಿಯಾ?"

"ಅದ್ ಹಂಗೇ" ಅಂದರು ಕೂಸಪ್ಪ. "ನೆತ್ತಿ ಹುಲ್ಲು ಹೊರುವ ಕೊಪ್ಪೆ ಅಲ್ಲ! ಅದ್ರ ಊಬು ಒಮ್ಮೆ ಹೊಕ್ಕರೆ ಬರುದಿಲ್ಲೆ. ಮತ್ತೊಂದ್ ಕೊಪ್ಪೆ ಹಾಳ್ ಆಗುದು ಬೊತ್ತುಂತ ಇದ್ಕೇ ಬೇರೆ ಇಟ್ಟೊಳೆ. ಮೊನ್ನೆ ಪಾರೆಂದ ಇದ್ರಲ್ಲೇ ಹೊತ್ತದ್."

ಶಾಹಿದಾ ಊರುಗೋಲು ಬಿಟ್ಟಳು. ಅದು ಪ್ಲಾಟ್‌ಫಾರ್ಮಿಗೆ ಬಿದ್ದದ್ದು ಅವಳಿಗೆ ಕೇಳಲಿಲ್ಲ.

ಗೋಣಿಯನ್ನು ಬೋಗಿಯ ಮೆಟ್ಟಿಲಿನ ಮೇಲೆ ಹರಡಿದಳು. ಹೊರಗೆ ಬರೀ ಸೆಣಬು. ಒಳಮಗ್ಗುಲು ತಿರುವಿದರೆ ನೂರು, ಇನ್ನೂರು, ಎಳೆಗಳ ಸಂದಿಯಲ್ಲಿ ಕಂದು ಸೂಜಿಗಳು ಒಳಗೆ ಇಳಿದು, ಬಾಲ ಮಾತ್ರ ಹೊರಗೆ. ಪ್ರೊಫೆಸರ್ ಕೆಳಗಿನ ಮೆಟ್ಟಿಲಿನಲ್ಲಿ ಕೂತುಬಿಟ್ಟರು. ಎಳೆ ಬಿಡಿಸಿ ಒಂದನ್ನು ಹೊರತೆಗೆದರು. ಭೂತಗನ್ನಡಿ ಕಣ್ಣಿಗೆ ಹೋಯಿತು. ಸೂಜಿ, ಸೂಜಿಯ ಬುಡದಲ್ಲಿ ಕೆಂಗಡ್ಡ, ತಿರುಚಿದ ಕಂಬ, ಮೊಣಕಾಲು, ಅಲ್ಲಿಂದ ತುದಿಯವರೆಗೆ ಬೆಳಕನ್ನು ಹಿಡಿದ ರೋಮ.

"ನೀರು" ಅಂದರು.

ನೌಷಾದ್ ಬಾಟಲಿ ಬಗ್ಗಿಸಿದ. ಪ್ರೊಫೆಸರ ಅಂಗೈಯ ಹನಿಯಲ್ಲಿ ಊಬು ಒಂದು ಗಳಿಗೆ ಸುಮ್ಮನಿತ್ತು. ಮತ್ತೆ, ನಿದ್ದೆಯಿಂದ ಎದ್ದ ಹಾಗೆ, ಮೆಲ್ಲಗೆ ಒಂದು ಸುತ್ತು. ಇನ್ನೊಂದು. ಗರಿಯ ತುದಿ ಅಂಗೈಯ ರೇಖೆಗಳ ಮೇಲೆ ವೃತ್ತ ಬರೆಯಿತು. ಗೋಡಂಬಿಯವ, "ಜೀವ ಉಂಟಾ ಅದಕ್ಕೆ?" ಅಂದ.

ಸೀಟಿ ಹೊಡೆಯಿತು. ಪ್ರೊಫೆಸರ್ ಎದ್ದು, ಎರಡು ಕಟ್ಟ ಒಳಗೆಳೆದು, ಗೋಣಿಯನ್ನು ಮಗುವಿನಂತೆ ಎದೆಗೆ ಅವಚಿಕೊಂಡರು. ಅದು ಚುಚ್ಚುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಬಿಡಲಿಲ್ಲ.

"ಆ ಪುಟ ತಡೆ ಹಿಡಿಸುತ್ತೇನೆ" ಅಂದರು. "ಎರಡು ಜಾತಿ. ಎರಡೂ ಹಾಕಿಸುತ್ತೇನೆ." ರೈಲು ಚಲಿಸಿತು. ಏನೋ ನೆನಪಾಗಿ ಬಾಗಿಲಿನಿಂದ ಕೂಗಿದರು: "ಮಾದರಿಯ ಚೀಟಿಗೆ! ಕಲೆಕ್ಟರ್ ಯಾರು? ಹೆಸರು?"

ಕೂಸಪ್ಪ ಗಾಬರಿಯಾದರು. "ಕಲೆಕ್ಟರಾ? ಅವು ಮಂಗಳೂರಿಲಿ ಅಲ್ಲನಾ ಇರುದು? ಹೆಸರು ನಂಗೆ ಗೊತ್ತಿಲ್ಲೆ!"

"ಕೂಸಪ್ಪ!" ಶಾಹಿದಾ ಕೂಗಿದಳು. ಯಾರ ದನಿಯನ್ನೂ ಮಾಡದೆ, ತನ್ನದೇ ಒಡೆದ ದನಿಯಲ್ಲಿ. "ಆಲೆಟ್ಟಿ ಕೂಸಪ್ಪ!"

ಕೊನೆಯ ಬೋಗಿ, ಅದರ ಹಿಂದೆ ದೂಡುತ್ತ ಇಂಜಿನು, ತಿರುವಿನಲ್ಲಿ ಮರೆಯಾದವು. ಕೂಸಪ್ಪ ಬಿರುಬಿಸಿಲಿಗೆ ಅಂಗೈಯನ್ನು ತಲೆಯ ಮೇಲೆ ಇಟ್ಟುಕೊಂಡು ಆ ಕಡೆಯೇ ನೋಡುತ್ತಿದ್ದರು.

"ಕೊಪ್ಪೆ ಹೋತ್ ಅಲ್ಲ" ಅಂದರು.

ನೌಷಾದ್ ಊರುಗೋಲು ಎತ್ತಿ ಕೊಟ್ಟ. ಶಾಹಿದಾ ಕೆಳಗೆ ನೋಡಿದಳು. ಪ್ಲಾಸ್ಟರಿನ ಅಂಚಿನ ಬಟ್ಟೆ ಬೆವರಿಗೆ ಒದ್ದೆಯಾಗಿತ್ತು. ಅಲ್ಲಿ ಒಂದು ಊಬು ಅಂಟಿಕೊಂಡು, ಅವಸರವಿಲ್ಲದೆ, ಒಂದು ಸುತ್ತು ತಿರುಗಿತು.