ಬಸುರಿ ಪರದೆ ಮೇಲೆ ಬಂದ ದಿನ

"ನಮ್ಮ ಬಸುರಿ ಯಾವತ್ತಾದ್ರೂ ಪರದೆ ತುಂಬಾ ಮುಖ ತೋರಿಸಿದ್ರೆ, ನಾನೂ ನೀನೂ ಪಕ್ಕಪಕ್ಕದಲ್ಲೇ ಕೂತು ನೋಡೋಣ. ಆಣೆ," ಎಂದು ಸಾಮಾನಣ್ಣ ಮಗಳಿಗೆ ಮಾತು ಕೊಟ್ಟಾಗ ಅವಳಿಗಿನ್ನೂ ಬಿದ್ದ ಮುಂದಿನ ಹಲ್ಲು ಮತ್ತೆ ಬಂದಿರಲಿಲ್ಲ.

ಸಿನಿಮಾದವರಿಗೆ ಕುರ್ಚಿ, ಗಡಿಯಾರ, ಕತ್ತಿ, ಕೋವಿ ಬಾಡಿಗೆಗೆ ಕೊಡುವುದು ಅವನ ಕಸುಬು. ಹಾಗಾಗಿ ಎಲ್ಲರ ಬಾಯಲ್ಲೂ ಸಾಮಾನಣ್ಣ. ಬಸುರಿ ಎಂದರೆ ಅವನ ಹಳೇ ರಿವಾಲ್ವರು. ಬೇರೆಯವಕ್ಕೆ ಆರು ಗುಂಡಿನ ಮನೆಯಾದರೆ ಇದಕ್ಕೆ ಒಂಬತ್ತು. ಸಾಲದ್ದಕ್ಕೆ ನಳಿಗೆಯ ಕೆಳಗೆ, ಚರೆಗುಂಡು ಹಾರಿಸಲು ಇನ್ನೊಂದು ದಪ್ಪ ನಳಿಗೆ. ಆ ಹೊಟ್ಟೆ ನೋಡಿ ಹೆಸರಿಟ್ಟವಳು ಅವನ ಹೆಂಡತಿ. ಆಗ ಅವಳೂ ಬಸುರಿ.

ರಿವಾಲ್ವರಿಗೆ ಕೆಲಸಕ್ಕೇನೂ ಬರವಿರಲಿಲ್ಲ. ಕಡಲುಗಳ್ಳರ ಸಿನಿಮಾದಲ್ಲಿ ನಾಯಕನ ಸೊಂಟದಲ್ಲಿತ್ತು, ಮೇಲೊಂದು ಕೋಟು. ಪತ್ತೇದಾರಿ ಧಾರಾವಾಹಿಯಲ್ಲಿ ಮೇಜಿನ ಖಾನೆಯಿಂದ ಹಿಡಿಯಷ್ಟೇ ಇಣುಕಿತು. ಜಾಹೀರಾತಿನಲ್ಲಿ ಗೋಡೆಯ ಮೇಲಿತ್ತು, ಬಿಸ್ಕತ್ತಿನ ಡಬ್ಬ ಅಡ್ಡ ಬಂತು. ವಿಡಿಯೊ ಗೇಮಿನವರು ಸುತ್ತಲೂ ಫೋಟೊ ಹೊಡೆದುಕೊಂಡು ಹೋಗಿ, ಅದು ನಿಲ್ಲದೆ ಗುಂಡು ಕಾರುವಂತೆ ಮಾಡಿಬಿಟ್ಟರು. "ಇದೇನು ನಲ್ಲೀನಾ?" ಎಂದು ಸಾಮಾನಣ್ಣ ವಾರವಿಡೀ ಗೊಣಗಿದ.

ಮಗಳು ಬೆಳೆದು ಹೊಲಿಗೆ ಕಾರ್ಖಾನೆ ಸೇರಿದಳು, ಮದುವೆಯಾಗಿ ತಾಯಿಯೂ ಆದಳು. ಕೊನೆಗೂ ಒಂದು ಸಿನಿಮಾ ಬಂತು. ಅದರ ಕಡೇ ದೃಶ್ಯದಲ್ಲಿ ಪರದೆ ತುಂಬಾ ಬಸುರಿಯೇ. ಬಿಡುಗಡೆಯ ದಿನ ಸಾಮಾನಣ್ಣನಿಗೆ ಎಂದಿನಂತೆ ಬೇರೆ ಕಡೆ ಕೆಲಸ.

"ಸೋಮವಾರ ಹೋದ್ರಾಯ್ತಲ್ಲ?" ಎಂದ, ಹಿಂದಿನ ಸಂಜೆ ಮಗಳಿಗೆ.

"ನಿನ್ನ ಸೋಮವಾರ ಕಾಯ್ತಾ ಕಾಯ್ತಾ ನಂಗೇ ಮಗು ಆಯ್ತಪ್ಪ. ನಾಳೆ ಬರಲ್ಲ ಅಂದ್ರೆ ಬಿಡು, ಇನ್ಮೇಲೆ ಕೇಳೋದೇ ಇಲ್ಲ."

ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದ. 'ಕೇಳೋದೇ ಇಲ್ಲ' ಎಂದಿದ್ದು ಎದೆಗೆ ನಾಟಿತು. ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಮಗಳ ಜೊತೆ ಚಿತ್ರಮಂದಿರಕ್ಕೆ ಹೊರಟ.

ಕಡೇ ದೃಶ್ಯ. ನಾಯಕ ಬಸುರಿಯನ್ನು ಎತ್ತಿದ, ಕ್ಯಾಮೆರಾ ಅದರ ಬೆನ್ನ ಹಿಂದೆ ಬಂತು. ಸಾಮಾನಣ್ಣ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ.

ಇಂಥ ರಿವಾಲ್ವರಿನ ಪ್ರತಿ ಗುಂಡಿನ ಮನೆಯ ಹಿಂದಿರುವ ಮೊಳೆಯ ತಲೆಗೂ ಒಂದು ಪುಟ್ಟ ತಾಮ್ರದ ಟೋಪಿ ಸಿಕ್ಕಿಸಬೇಕು. ಕುದುರೆ ಎಂಬ ಪುಟ್ಟ ಸುತ್ತಿಗೆ ಅದಕ್ಕೆ ಬಡಿದರಷ್ಟೇ ಗುಂಡು ಹಾರುವುದು. ನಟ ಕೆಳಗಿಟ್ಟ ಕೂಡಲೇ ಆ ಟೋಪಿಗಳನ್ನು ಕಿತ್ತು ಜೇಬಿಗಿಳಿಸುವುದು ಸಾಮಾನಣ್ಣನ ಕಟ್ಟುನಿಟ್ಟು. ಈ ದೃಶ್ಯ ತೆಗೆದ ದಿನ ಟೀ ಕುಡಿದು ಬಂದವನು ಮತ್ತೆ ಸಿಕ್ಕಿಸುವುದನ್ನೇ ಮರೆತಿದ್ದ. ಈಗ ಬೋಳು ತಲೆಗಳೆಲ್ಲ ಸಾಲಾಗಿ, ಒಂದೊಂದೂ ಬಕೆಟ್ಟಿನಷ್ಟು ದೊಡ್ಡದಾಗಿ, ಅವನನ್ನೇ ನೋಡುತ್ತಿದ್ದವು.

"ಟೋಪಿ ಇಲ್ಲ ಕಣೇ! ಒಂದಕ್ಕೂ ಇಲ್ಲ! ಕಸುಬಿನವರ ಮುಂದೆ ಮಾನ ಹೋಯ್ತು," ಎನ್ನುತ್ತಾ ಎದ್ದೇಬಿಟ್ಟ.

ಮಗಳು ಅಂಗಿಯ ತುದಿ ಹಿಡಿದಳು. "ಕೂತ್ಕೋ."

"ಹೊರಗಿರ್ತೀನಿ, ನೀನು ನೋಡ್ಕೊಂಡು ಬಾ."

"ಬಂದಿದ್ದು ನಿನ್ನ ಜೊತೆ ನೋಡೋಕೆ. ಟೋಪಿ ಎಣಿಸೋಕಲ್ಲ."

"ಯಜಮಾನ್ರೇ, ತಲೆ ತೆಗೀರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಸಾಮಾನಣ್ಣ ಕೂತ. ಹಾರಲಾರದ ಗುಂಡು ಢಂ ಎಂದು ಹಾರಿತು. ಖಳನಾಯಕ ಬಿದ್ದ, ಜನ ಶಿಳ್ಳೆ ಹೊಡೆದರು. ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗತೊಡಗಿದಳು. ಅವಳ ಭುಜ ಕುಣಿಯುವುದನ್ನು ಕಂಡು ಅವನಿಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಪರದೆಯತ್ತ ತಿರುಗಿದ. ಬಸುರಿ ಇನ್ನೂ ಅಲ್ಲೇ ಇತ್ತು, ಹೊಗೆಯ ನಡುವೆ, ಗೋಡೆಯಷ್ಟು ದೊಡ್ಡದಾಗಿ.

ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡಿದರು. ಸಾಮಾನಣ್ಣ ಕೊಟ್ಟ ಮಾತು ನಡೆಸಿಕೊಟ್ಟ.