ಗೆರೆಯಾಚೆಯ ಮೀನು

ವಾರಗಿತ್ತಿಯ ಮನೆಗೆ ಬುಟ್ಟಿ ಬುಟ್ಟಿ ಮೀನು ಹೋಗುವುದನ್ನು ನೋಡಿಕೊಂಡು ತಣ್ಣಗೆ ಕೂತ ಹೆಂಗಸನ್ನು ನಾನಂತೂ ಕಂಡಿಲ್ಲ. ನಮ್ಮ ಕಥೆಯ ದೊಡ್ಡ ಸೊಸೆಯೂ ಹಾಗೆ ಕೂರುವವಳಲ್ಲ. ಅಣ್ಣತಮ್ಮಂದಿರಿಗೆ ಒಂದೊಂದು ಬೋಟು. ತಮ್ಮನ ಬೋಟು ತುಂಬಿ ಬಂದ ದಿನ ಅಣ್ಣನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿ.

"ನೀವು ಜಾಗ ಹುಡುಕೋದು, ನಿಮ್ಮ ತಮ್ಮ ಬಂದು ಬಾಚ್ಕೊಳ್ಳೋದು!" ಎಂದು ಒಂದು ದಿನ ಬೆಳಗ್ಗೆ ಗಂಡನಿಗೆ ಹೇಳಿದಳು. "ಬೋಟು ಎಲ್ಲಿದೆ ಅಂತ ತೋರಿಸೋ ಆ ಟ್ರ್ಯಾಕರ್ ಆರಿಸಿಬಿಡಿ. ನಿಮ್ಮ ಚುಕ್ಕಿ ಅವನ ಪರದೆ ಮೇಲೆ ಕಾಣ್ಲೇಬಾರದು."

ಗಂಡ ಆರಿಸಿಯೇ ಹೋದ. ಹೆಂಡತಿಯ ಹೊಟ್ಟೆಕಿಚ್ಚಿಗೆ ಅವನದೂ ಒಂದಿಷ್ಟು ಸೇರಿತ್ತು.

ಮಧ್ಯಾಹ್ನ ಅವಳು ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಾಗ ನಾದಿನಿ ಓಡಿಬಂದಳು. ಅವಳಿಗೆ ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸ.

"ಅತ್ತಿಗೆ, ಅಣ್ಣನ ಬೋಟು ಪರದೆ ಮೇಲೆ ಕಾಣ್ತಿಲ್ಲ. ಎಲ್ಲಿದ್ದೀಯ ಅಂದ್ರೆ ಬಾಯಿ ಬಿಡ್ತಿಲ್ಲ. ಗಾಳಿ ಬೇರೆ ಪಕ್ಕದ ದೇಶದ ಕಡೆ ತಳ್ತಿದೆ. ಗಡಿ ಗೆರೆ ಹತ್ತಿರ ಹೋದ್ರೆ ಕೂಗಿ ಎಚ್ಚರಿಸೋದೂ ಅದೇ ಟ್ರ್ಯಾಕರ್!"

"ನೀರಿನ ಮೇಲೆ ಎಂಥ ಗೆರೆನೇ? ಸಮುದ್ರ ಯಾರಪ್ಪನ ಮನೆ ಆಸ್ತಿ?"

ನಾದಿನಿ ಅಂಗಳದ ಸುಣ್ಣದ ಗೆರೆ ತೋರಿಸಿದಳು. ಎರಡು ಮನೆಗಳ ನಡುವೆ ಅದನ್ನು ಎಳೆದವಳು ದೊಡ್ಡ ಸೊಸೆಯೇ.

"ಚಿಕ್ಕತ್ತಿಗೆ ಇದನ್ನ ದಾಟಿ ನಲ್ಲಿಗೆ ಹೋಗ್ಬಹುದಾ?"

"ಹೋಗ್ಲಿ. ನೀರಿಗೆ ಬೇಡ ಅನ್ನೋಕಾಗುತ್ತಾ?"

"ಈಚೆ ಒಣಗಿರೋ ಮೀನು ಎತ್ಕೊಂಡ್ರೆ?"

"ಕೈ ಮುರಿದೇನು!"

"ಸಮುದ್ರದ ಕಾನೂನೂ ಹೀಗೇ ಅತ್ತಿಗೆ. ದಡದಿಂದ ಹನ್ನೆರಡು ನಾಟಿಕಲ್ ಮೈಲಿವರೆಗೆ, ಅಂದ್ರೆ ಸುಮಾರು ಇಪ್ಪತ್ತೆರಡು ಕಿಲೋಮೀಟರು, ಆಯಾ ದೇಶದ್ದೇ ಆಳ್ವಿಕೆ. ಇನ್ನೂರು ಮೈಲಿವರೆಗೆ ಬೇರೆಯವರ ಹಡಗು ಓಡಾಡಬಹುದು, ಆದ್ರೆ ಮೀನು, ತಳದಲ್ಲಿರೋ ಎಣ್ಣೆ, ಅದಿರು ಎಲ್ಲ ಆ ದೇಶದ್ದು. ಅದರಾಚೆಗಿನ ನೀರು ಎಲ್ಲರದ್ದೂ. ನಮಗೂ ಪಕ್ಕದ ದೇಶಕ್ಕೂ ಮಧ್ಯೆ ಅಷ್ಟು ಜಾಗ ಇಲ್ವಲ್ಲ, ಅದಕ್ಕೇ ಎರಡೂ ದೇಶ ಮಾತಾಡಿ ನಡುವೆ ಗೆರೆ ಹಾಕ್ಕೊಂಡಿವೆ. ಅವರು ಬಂದು ನಮ್ಮ ಮೀನು ಬಾಚಿದ್ರೆ ನಮ್ಮ ಹೊಟ್ಟೆ ಉರಿಯಲ್ವಾ? ಅವರ ಹೊಟ್ಟೇನೂ ಹಾಗೇ ಉರಿಯುತ್ತೆ."

ದೊಡ್ಡ ಸೊಸೆಗೆ ಹೊಟ್ಟೆಯುರಿಯ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹಿಡಿದ್ರೆ ಏನ್ಮಾಡ್ತಾರೆ?" ಅವಳ ದನಿ ಇಳಿದಿತ್ತು.

"ಬೋಟು, ಬಲೆ, ಜನ, ಎಲ್ಲ ಅವರ ವಶ. ತಕ್ಕ ಜಾಮೀನು ಕೊಟ್ರೆ ಬೇಗ ಬಿಡ್ಬೇಕು ಅಂತ ಕಾನೂನೇನೋ ಇದೆ. ಆದ್ರೆ ಬಿಡೋವರೆಗೂ ಅಣ್ಣ ಪರದೇಶದವರ ಕೈಲಿ."

ದೊಡ್ಡ ಸೊಸೆ ಮೀನಿನ ಕೈ ತೊಳೆಯದೆಯೇ ಬಂದರಿಗೆ ಹೊರಟಳು. ವೈರ್‌ಲೆಸ್ ಕೋಣೆಯಲ್ಲಿ ನಾದಿನಿ ಗುಂಡಿ ಒತ್ತಿ ಮೈಕು ಕೊಟ್ಟಳು.

"ರೀ, ನಾನು. ಟ್ರ್ಯಾಕರ್ ಹಾಕಿ. ಎಲ್ಲಿದ್ದೀರಿ ಹೇಳಿ."

ಗೊರಗೊರ ಸದ್ದಿನ ನಡುವೆ ಗಂಡನ ಪಿಸುದನಿ ಬಂತು. "ಏಯ್, ಸುಮ್ನಿರೇ. ಇಲ್ಲಿ ನೀರು ತುಂಬ ಮೀನು ಕುದೀತಿದೆ. ಹೇಳಿದ್ರೆ ಎಲ್ಲಾ ಬೋಟಿಗೂ ಕೇಳ್ಸುತ್ತೆ. ತಮ್ಮನೂ ಕೇಳಿಸ್ಕೋತಾನೆ."

ಅವಳ ಕಣ್ಣ ಮುಂದೆ ವಾರಗಿತ್ತಿಯ ತುಂಬಿದ ಬುಟ್ಟಿಗಳು ಬಂದವು. ಆದರೂ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಕೇಳಿಸ್ಕೊಳ್ಲಿ!" ಎಂದು ಕೂಗಿದಳು. "ಜಾಗ ಅವನಿಗೆ ಗೊತ್ತಾಗ್ಲಿ, ಮೀನೂ ಅವನೇ ಹಿಡೀಲಿ. ನನಗೆ ನೀವು ಮನೆಗೆ ಬಂದ್ರೆ ಸಾಕು!"

ಪರದೆಯ ಮೇಲೆ ಚುಕ್ಕಿ ಮೂಡಿತು. ಗೆರೆಗೆ ಅಂಟಿಕೊಂಡಂತೆ ಇತ್ತು, ಆದರೆ ಇನ್ನೂ ಈಚೆಗೇ. ಮೆಲ್ಲಗೆ ದಡದ ಕಡೆ ತಿರುಗಿತು.

ಮಾರನೇ ದಿನ ಮೈದುನ ಗೆರೆಯ ಈಚೆಗೇ ನಿಂತು, ಟ್ರ್ಯಾಕರ್ ಹಾಕಿಕೊಂಡು, ಅದೇ ಜಾಗದಿಂದ ಬೋಟು ತುಂಬ ಮೀನು ತಂದ. ದೊಡ್ಡ ಸೊಸೆ ಪಾತ್ರೆಗಳನ್ನು ಕುಕ್ಕಿದಳು. ಒಳಗಿನಿಂದ ಗಂಡ, "ಏನೇ ಅದು ಸದ್ದು?" ಎಂದು ಗದರಿದ. ಆ ಗದರಿಕೆ ಕೇಳಿ ಅವಳಿಗೆ ಅಳುವೇ ಬಂತು, ಸಂತೋಷಕ್ಕೆ.

ಕಡಲಿಗೆ ಇಳಿಯುವ ಅಣ್ಣತಮ್ಮಂದಿರೇ, ಅವರನ್ನು ಕಳಿಸಿ ಕಾಯುವ ಅಕ್ಕತಂಗಿಯರೇ, ಹೊಟ್ಟೆಕಿಚ್ಚು ಪಡಬೇಡಿ ಎಂದರೆ ನೀವು ಕೇಳುವವರಲ್ಲ, ಪಡಿ. ಆದರೆ ಟ್ರ್ಯಾಕರ್ ಆರಿಸಬೇಡಿ. ನಮ್ಮ ಗೆರೆ ಎಲ್ಲಿದೆ ಎಂದು ಹೊರಡುವ ಮೊದಲೇ ಬಂದರಿನಲ್ಲಿ ಕೇಳಿ ತಿಳಿದುಕೊಳ್ಳಿ. ಗೆರೆಯಾಚೆಯ ಮೀನು ಎಷ್ಟೇ ದಪ್ಪಗಿರಲಿ, ಅದು ಪಕ್ಕದ ಮನೆಯ ಮೀನು.