ಪದರು ಬಿಟ್ಟ ಜಾಗ

ರೆಸಿನ್ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ. ಫೈಬರ್ ಬೋಟು ಕಟ್ಟುತ್ತಿದ್ದ ಅಬ್ಬಾ ಸಂಜೆ ನಮ್ಮ ಮನೆಯಿದ್ದ ಸಡಾದ ಗುಡ್ಡ ಹತ್ತಿ ಬಂದರೆ ಮೊದಲು ಮನೆ ಹೊಗುತ್ತಿದ್ದದ್ದು ಆ ವಾಸನೆ. ಅದರ ಹಿಂದೆಯೇ ಊಟ. ಗಾಜಿನ ನಾರು ಚುಚ್ಚುತ್ತದೆಂದು ಅವರ ಸ್ನಾನ ಆಗುವ ತನಕ ಅಮ್ಮಿ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ನಾನು ಬಾಗಿಲಲ್ಲೇ ಕುಣಿಯುತ್ತಿದ್ದೆ.

ಅಬ್ಬಾ ಈಗಿಲ್ಲ. ಅಂಥ ಬೋಟುಗಳ ತಪಾಸಣೆಯೇ ನನ್ನ ಕೆಲಸ. ಬೋಟಿನ ಮೈಗೆ ಸಣ್ಣ ಸೆನ್ಸರ್ ಅಂಟಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಂಪನ ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ಮೂಡುತ್ತದೆ. ರೆಸಿನ್ ಬಳಿದು ಅಂಟಿಸಿದ ನಾರಿನ ಪದರುಗಳು ಗಟ್ಟಿಯಾಗಿ ಹಿಡಿದಿದ್ದರೆ ಕಂಪನ ಸ್ವಲ್ಪ ಹೊತ್ತು ಉಳಿಯುತ್ತದೆ. ಒಳಗೆ ಪದರು ಬಿಟ್ಟಿದ್ದರೆ ಬೇಗ ಸಾಯುತ್ತದೆ. ಮೇಲಿನ ಬಣ್ಣ ಎಷ್ಟು ಹೊಳೆದರೂ ಅಷ್ಟೇ.

ಮೊನ್ನೆ ಅಬ್ಬಾರ ಹಳೆಯ ಗೆಳೆಯ ಯಮನೂರ ಕಾಕಾನ ಪ್ರವಾಸಿ ಬೋಟು ಬಂತು. ಅಬ್ಬಾ ಕಟ್ಟಿದ್ದರಲ್ಲಿ ಇನ್ನೂ ನೀರಿನ ಮೇಲಿರುವುದು ಅದೊಂದೇ. ಪಾಸಾಗಲಿ ಎಂದು ಬೇಡಿಕೊಳ್ಳುತ್ತಲೇ ತಟ್ಟತೊಡಗಿದೆ. ಅಂಚಿನ ಕೆಳಗೊಂದು ಕಡೆ ಕಂಪನ ಥಟ್ಟನೆ ಸತ್ತಿತು. ಯಂತ್ರಕ್ಕೇ ಬೈದು ಮತ್ತೆ ಮತ್ತೆ ತಟ್ಟಿದೆ. ಕೊನೆಗೆ ಆ ಜಾಗ ಕೊಯ್ದು ನೋಡಿದೆವು. ಪೆಟ್ಟು ಬಿದ್ದು ಬಿಟ್ಟದ್ದಲ್ಲ. ಮೊಣಕೈ ಊರಿದಷ್ಟು ಅಗಲಕ್ಕೆ, ಕಟ್ಟುವಾಗಲೇ ಪದರು ಕೂಡಿರಲಿಲ್ಲ.

"ನಿಮ್ಮಪ್ಪ ಶಫೀಸಾಬ ಹಿಂಗ ಮಾಡ್ಯಾನಂದ್ರ ನಂಬಾಕ ಆಗವಲ್ದವಾ," ಎಂದ ಕಾಕಾ. ಕಟ್ಟಿದವರ ತಪ್ಪು ಎಂದು ನಾನು ವರದಿ ಬರೆಯಬೇಕಿತ್ತು. ಬರೆಯದೆ ಲ್ಯಾಪ್‌ಟಾಪ್ ಮುಚ್ಚಿದೆ.

ಮನೆಗೆ ಬಂದು ಅಮ್ಮಿಗೆ ಹೇಳಿದೆ. ಅಬ್ಬಾ ಅವಸರ ಮಾಡಿರಬೇಕು ಎಂದೆ.

ರೊಟ್ಟಿ ಬಡಿಯುತ್ತಿದ್ದವಳು ಸಿಡಿದಳು. "ಅವ್ರು ಅವಸರ ಮಾಡು ಮನಶ್ಯಾರಲ್ಲ! ಎಲ್ಲಿ ಬಿಟ್ಟೈತಿ, ತೋರ್ಸು."

ನಾನು ಮೇಜಿನ ಅಂಚಿಗೆ ಮೊಣಕೈ ಊರಿ, ಅಬ್ಬಾ ಬೋಟಿನೊಳಗೆ ಬಗ್ಗುತ್ತಿದ್ದಂತೆ ಬಗ್ಗಿ ತೋರಿಸಿದೆ. ಅಮ್ಮಿ ನನ್ನ ತೋಳನ್ನೇ ನೋಡುತ್ತ ನಿಂತಳು. ಹಂಚಿನ ಮೇಲೆ ರೊಟ್ಟಿ ಸೀದಿತು.

"ನಾರು ಚುಚ್ಚಿ ಕೈಯೆಲ್ಲ ಕೆರ್ಕೋತಿದ್ರು," ಎಂದಳು. "ಕೊಬ್ಬರಿ ಎಣ್ಣಿ ಹಚ್ತೀನಂದ್ರ ಒಲ್ಲೆ, ಜಿಡ್ಡಿದ್ರ ಪದರು ಹಿಡ್ಯಾಂಗಿಲ್ಲ ಅಂತಿದ್ರು. ಅವ್ರಿಗೆ ನಿದ್ದಿ ಹತ್ತಿದ ಮ್ಯಾಲೆ ಮೊಣಕೈ ತನಕ ನಾನ ಹಚ್ತಿದ್ದೆ. ಮುಂಜಾನೆದ್ದು ಒರಸ್ಕೊಂಡು ಹೋಗ್ತಿದ್ರು. ಒಂದಿನಾನೂ ಬೈಲಿಲ್ಲ."

ನನಗೆ ಅಳು ಬಂತು. ಅಮ್ಮಿ ಅಳಲಿಲ್ಲ. ಒಲೆ ಆರಿಸಿ ನನ್ನ ಪಕ್ಕ ಬಂದು ಕೂತಳು.

"ಅಫ್ರೀನ, ವರದ್ಯಾಗ ನನ್ನ ಹೆಸರು ಬರಿ. ತಪ್ಪು ಅಮೀರಬೀದು ಅಂತ ಬರಿ. ಅವ್ರ ಕೈ ಭಾಳ ಚಲೋ ಇತ್ತು."